ಅಂಗಡಿಗೆ ಎಷ್ಟು ಜನ ಬೇಕು, ಯಾವ ಪಾಳಿ, ಏನು ಕಲಿಸಬೇಕು? ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಕೇಂದ್ರದಲ್ಲೋ ತಾಲ್ಲೂಕು ಪಟ್ಟಣದಲ್ಲೋ ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್, ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಐದಾರು ಜನರಿಂದ ಮೂವತ್ತು ನಲವತ್ತು ಜನರವರೆಗೆ ಕೆಲಸ ಮಾಡುವ ಅಂಗಡಿಗಳು. ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ನೋಡಲು ಬೇರೆ ವಿಭಾಗವೇ ಇರುತ್ತದೆ. ಇಲ್ಲಿ ಮಾಲೀಕರೇ ಗಲ್ಲಾದಲ್ಲಿ ಕೂರಬೇಕು, ಖರೀದಿಗೂ ಹೋಗಬೇಕು, ಸಿಬ್ಬಂದಿಯನ್ನೂ ನೋಡಬೇಕು.

ಅಂಗಡಿಗಳಿಗೆ ಹೋಗಿ ಸಿಬ್ಬಂದಿಗೆ ಕಲಿಸುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಮಾಲೀಕರು ಮೊದಲು ಹೇಳುವುದು "ನಮ್ಮ ಹುಡುಗರಿಗೆ ಗಿರಾಕಿ ಜೊತೆ ಮಾತಾಡೋದು ಕಲಿಸಿ" ಎಂದು. ನಾನು ಮೊದಲು ನೋಡುವುದು ಪಾಳಿ ಪಟ್ಟಿ. ತನ್ನ ವಾರದ ರಜೆ ಯಾವತ್ತು ಅಂತ ಗೊತ್ತಿಲ್ಲದ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋಗಲಾಗದ ಹುಡುಗಿಗೆ ನಗುನಗುತ್ತಾ ಮಾತಾಡು ಎಂದು ಕಲಿಸಿದರೆ ಅದು ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿಯೂ ಪಾಳಿಯ ಪ್ರಶ್ನೆಗಳು ಮೊದಲು, ತರಬೇತಿಯ ಪ್ರಶ್ನೆಗಳು ಆಮೇಲೆ.

ನಮ್ಮ ಅಂಗಡಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಹೆಚ್ಚಿನವರು "ಒಂದೊಂದು ಸೆಕ್ಷನ್ನಿಗೆ ಇಬ್ಬರು" ಅಂತ ಅಂದಾಜಿನಲ್ಲಿ ಇಟ್ಟುಕೊಳ್ಳುತ್ತಾರೆ. ಯಾರೋ ಒಬ್ಬರು ರಜೆ ಹಾಕಿದ ದಿನ ಇಡೀ ಅಂಗಡಿ ಒದ್ದಾಡುತ್ತದೆ. ರಜೆಯನ್ನು ಲೆಕ್ಕದ ಒಳಗೇ ಸೇರಿಸಬೇಕು.

ಒಂದು ಉದಾಹರಣೆ. ದಿನಕ್ಕೆ 10 ಜನ ಇರಲೇಬೇಕು ಅಂದುಕೊಳ್ಳಿ. ಅಂಗಡಿ ವಾರಪೂರ್ತಿ ತೆರೆದಿರುತ್ತದೆ. ಅಂದರೆ ವಾರಕ್ಕೆ 70 ಹಾಜರಿ ಬೇಕು. ಒಬ್ಬರು ವಾರಕ್ಕೆ 6 ದಿನ ಬರುತ್ತಾರೆ. 70ನ್ನು 6ರಿಂದ ಭಾಗಿಸಿದರೆ ಹನ್ನೊಂದೂ ಮುಕ್ಕಾಲರ ಹತ್ತಿರ ಬರುತ್ತದೆ, ಹಾಗಾಗಿ 12 ಜನ. ಇಲ್ಲಿಗೆ ಲೆಕ್ಕ ಮುಗಿಯಿತು ಅಂತ ಅನ್ನಿಸುತ್ತದೆ, ಮುಗಿದಿಲ್ಲ. 12 ಜನ ಆರಾರು ದಿನ ಬಂದರೆ 72 ಹಾಜರಿ. ವಾರಕ್ಕೆ ಉಳಿಯುವುದು ಎರಡೇ, ವರ್ಷಕ್ಕೆ 104. ಈಗ ರಜೆ ನೋಡಿ. ಕರ್ನಾಟಕದ ಅಂಗಡಿ ಕಾಯ್ದೆಯ ಪ್ರಕಾರ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳ ಸಹಿತ ರಜೆ. ವರ್ಷಕ್ಕೆ ಸುಮಾರು 300 ದಿನ ಕೆಲಸ ಮಾಡಿದವರಿಗೆ 15 ದಿನ ಆಯಿತು. ಅದರ ಮೇಲೆ ಕಾಯಿಲೆಗೋ ಬೇರೆ ತಕ್ಕ ಕಾರಣಕ್ಕೋ 12 ದಿನದವರೆಗೆ. ಒಟ್ಟು 27. ಹನ್ನೆರಡು ಜನಕ್ಕೆ 324 ದಿನ. ನಿಮ್ಮ ಹತ್ತಿರ ಉಳಿಕೆ ಇರುವುದು 104. ಕೊರತೆ 220 ದಿನ.

ಹಾಗಾಗಿ ಹದಿಮೂರನೆಯವರು ಬೇಕು. "ಒಬ್ಬರು ಜಾಸ್ತಿ ಆದರಲ್ಲ" ಅಂತ ಮಾಲೀಕರಿಗೆ ಅನ್ನಿಸುವುದು ಸಹಜ. ಆದರೆ ಆ ಒಬ್ಬರು ಇಲ್ಲದಿದ್ದರೆ ಉಳಿದ ಹನ್ನೆರಡು ಜನ ತಮ್ಮ ರಜೆಯನ್ನು ಬಿಟ್ಟುಕೊಟ್ಟು ಆ ಜಾಗ ತುಂಬುತ್ತಿರುತ್ತಾರೆ. ಸ್ವಲ್ಪ ತಿಂಗಳು ಹೀಗೆ ನಡೆಯುತ್ತದೆ. ಆಮೇಲೆ ಒಳ್ಳೆಯವರು ಮೊದಲು ಬಿಡುತ್ತಾರೆ.

ಇನ್ನೊಂದು ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಋತುಚಕ್ರ ರಜೆ ಕೊಡಬೇಕು ಎಂದು ಆದೇಶ ಹೊರಡಿಸಿತು. ಹೆಚ್ಚು ಹೆಣ್ಣುಮಕ್ಕಳು ಕೆಲಸ ಮಾಡುವ ಸೀರೆ ಅಂಗಡಿಗಳು ಈ ದಿನಗಳನ್ನೂ ಪಟ್ಟಿಯೊಳಗೆ ಸೇರಿಸಿಕೊಂಡೇ ಲೆಕ್ಕ ಮಾಡಬೇಕು.

ಬೆಳಿಗ್ಗೆ ಅಂಗಡಿ ಖಾಲಿ, ಸಂಜೆ ಕಾಲಿಡಲು ಜಾಗ ಇಲ್ಲ. ಪಾಳಿ ಹೇಗೆ ಮಾಡಲಿ?

ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಗಂಟೆಗೆ ಎಷ್ಟು ಬಿಲ್ ಆಗಿದೆ ಅನ್ನುವ ಲೆಕ್ಕ ಸಿಗುತ್ತದೆ. ಒಂದು ತಿಂಗಳದ್ದು ತೆಗೆದು ವಾರದ ದಿನಗಳ ಪ್ರಕಾರ ಜೋಡಿಸಿ. ಕಂಪ್ಯೂಟರ್ ಇಲ್ಲದಿದ್ದರೆ ಬಾಗಿಲಲ್ಲಿ ಕೂರುವವರ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಗಂಟೆಗೊಮ್ಮೆ ಗೀಟು ಹಾಕಿಸಿ. ನಾಲ್ಕು ವಾರ ಸಾಕು, ಅಂಗಡಿಯ ನಾಡಿ ಸಿಕ್ಕಿಬಿಡುತ್ತದೆ. ತಾಲ್ಲೂಕು ಊರುಗಳಲ್ಲಿ ಸಂತೆ ದಿನ ಬೆಳಿಗ್ಗೆ ಹನ್ನೊಂದಕ್ಕೇ ಜನ ತುಂಬಿರುತ್ತಾರೆ, ಸಂಜೆ ಖಾಲಿ. ಉಳಿದ ದಿನ ಇದು ಉಲ್ಟಾ. ಇದನ್ನು ನೋಡದೆ ಏಳೂ ದಿನಕ್ಕೆ ಒಂದೇ ಪಾಳಿ ಹಾಕಿದರೆ ದುಡ್ಡೂ ಹಾಳು, ಜನಕ್ಕೂ ಸುಸ್ತು.

ಬಿಲ್ಲಿಂಗ್ ಲೆಕ್ಕ ಸುಲಭ. ನಿಮ್ಮಲ್ಲಿ ಒಂದು ಬಿಲ್ಲಿಗೆ ಸರಾಸರಿ 3 ನಿಮಿಷ ಹಿಡಿದರೆ ಒಂದು ಕೌಂಟರ್ ಗಂಟೆಗೆ 20 ಬಿಲ್ ಮಾಡುತ್ತದೆ. ಸಂಜೆ ಆರರಿಂದ ಎಂಟರವರೆಗೆ ಗಂಟೆಗೆ 50 ಬಿಲ್ ಇದ್ದರೆ ಮೂರು ಕೌಂಟರ್ ಬೇಕು. ಎರಡೇ ಇಟ್ಟರೆ ಸಾಲು ಕರಗುವುದೇ ಇಲ್ಲ. ಎಂಟೂವರೆಗೆ ಬಂದವರು ಸಾಲು ನೋಡಿ ವಾಪಸ್ ಹೋಗುತ್ತಾರೆ, ಅದು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಈಗ ಅಂಗಡಿ ಬೆಳಿಗ್ಗೆ 9.30ರಿಂದ ರಾತ್ರಿ 9ರವರೆಗೆ ಅಂತ ಇಟ್ಟುಕೊಳ್ಳಿ. ಬಾಗಿಲು ತೆಗೆದವರೇ ಬಾಗಿಲು ಹಾಕುವ ಪದ್ಧತಿ ಇನ್ನೂ ಎಷ್ಟೋ ಕಡೆ ಇದೆ. ಊಟದ ಒಂದು ಗಂಟೆ ಕಳೆದರೂ ಹತ್ತೂವರೆ ಗಂಟೆ ಕೆಲಸ ಆಯಿತು. ಇದು ಕಾನೂನಿಗೂ ಸರಿಯಲ್ಲ, ಮೈಗೂ ಸರಿಯಲ್ಲ. ಎರಡು ಪಾಳಿ ಮಾಡಿ: 9.30ರಿಂದ 6.30 ಒಂದು, 12ರಿಂದ 9 ಇನ್ನೊಂದು. ಊಟದ ಗಂಟೆ ಬಿಟ್ಟರೆ ಇಬ್ಬರಿಗೂ 8 ಗಂಟೆ. ಹತ್ತು ಜನರಲ್ಲಿ ಐದೈದು ಅಂತ ಹಂಚಬೇಡಿ. ಬೆಳಿಗ್ಗೆ ಮೂವರು ಸಾಕು, ಕಸ ಗುಡಿಸಿ, ಮಾಲು ಜೋಡಿಸಿ, ಬೋಣಿ ಮಾಡಲು. ಏಳು ಜನ ಎರಡನೇ ಪಾಳಿಯಲ್ಲಿ ಇರಲಿ. ಅಂಗಡಿ ಹತ್ತಿರವೇ ಮನೆ ಇರುವ ಕೆಲವರು ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ನಾಲ್ಕು ಗಂಟೆ ಬರುವುದನ್ನು ಇಷ್ಟಪಡುತ್ತಾರೆ. ಅವರೇ ಕೇಳಿದರೆ ಮಾತ್ರ ಕೊಡಿ. ದೂರದಿಂದ ಬರುವವರಿಗೆ ನಡುವಿನ ಆ ಮೂರೂವರೆ ಗಂಟೆ ಸುಮ್ನೆ ಹಾಳು.

ಮತ್ತೊಂದು ಮಾತು. ಪಾಳಿ ಪಟ್ಟಿ ಮಾಡುವಾಗ ಪಕ್ಕದಲ್ಲಿ ಬಸ್ಸಿನ ವೇಳಾಪಟ್ಟಿ ಇರಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನು ಹೋಗುವ ಅಂಗಡಿಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಜಾಸ್ತಿಯಾಗಿದ್ದಾರೆ. ಕೊನೆಯ ಬಸ್ಸು 7.15ಕ್ಕೆ ಇರುವ ಹುಡುಗಿಯನ್ನು ರಾತ್ರಿ ಪಾಳಿಗೆ ಹಾಕಿದರೆ ಅವಳು ಆರೂವರೆಯಿಂದ ಗಡಿಯಾರವನ್ನೇ ನೋಡುತ್ತಿರುತ್ತಾಳೆ. ತಪ್ಪು ಅವಳದ್ದಲ್ಲ.

ಪಾಳಿ ಪಟ್ಟಿಯನ್ನು ಎಷ್ಟು ದಿನ ಮುಂಚೆ ಹಾಕಬೇಕು?

ಕನಿಷ್ಠ ಎರಡು ವಾರ. ಗೋಡೆಗೂ ಅಂಟಿಸಿ, ವಾಟ್ಸಾಪ್ ಗುಂಪಿಗೂ ಹಾಕಿ.

ಇದರಿಂದ ಸಿಬ್ಬಂದಿಗೆ ಅನುಕೂಲ, ನಮಗೇನು ಲಾಭ ಅಂತ ಕೇಳುವವರಿಗೆ ಒಂದು ಗಟ್ಟಿ ಉತ್ತರ ಇದೆ. ಅಮೆರಿಕದ ಗ್ಯಾಪ್ ಎಂಬ ಬಟ್ಟೆ ಕಂಪನಿಯ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಅಂಗಡಿಗಳಲ್ಲಿ 2015-16ರಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಅಂಗಡಿಗಳಲ್ಲಿ ಸಿಬ್ಬಂದಿಯ ಪಾಳಿಯನ್ನು ಹೆಚ್ಚು ಸ್ಥಿರವಾಗಿಟ್ಟರು, ತಮ್ಮತಮ್ಮಲ್ಲೇ ಪಾಳಿ ಅದಲುಬದಲು ಮಾಡಿಕೊಳ್ಳಲು ಬಿಟ್ಟರು. ಉಳಿದವು ಮೊದಲಿನ ಹಾಗೇ ನಡೆದವು. ಪಾಳಿ ಸ್ಥಿರವಾಗಿದ್ದ ಅಂಗಡಿಗಳಲ್ಲಿ ಮಾರಾಟ ಶೇ 7ರಷ್ಟು ಹೆಚ್ಚಾಯಿತು. ಮಾಲು ಅದೇ, ಬೆಲೆ ಅದೇ. ತಮ್ಮ ದಿನ ಹೇಗಿರುತ್ತದೆ ಅಂತ ಜನರಿಗೆ ಮುಂಚೆಯೇ ಗೊತ್ತಿತ್ತು, ಅನುಭವ ಇದ್ದವರು ಬಿಟ್ಟು ಹೋಗದೆ ಉಳಿದರು.

ನಮ್ಮಲ್ಲಿ ವಾರದ ರಜೆಯನ್ನು ಹಿಂದಿನ ರಾತ್ರಿ ಬಾಗಿಲು ಹಾಕುವಾಗ ಹೇಳುವ ಅಭ್ಯಾಸ ಇದೆ. "ನಾಳೆ ನೀನು ಬರಬೇಡ" ಅನ್ನುವುದು. ಆ ರಜೆಯಿಂದ ಏನು ಪ್ರಯೋಜನ ಹೇಳಿ? ಆಸ್ಪತ್ರೆಗೆ ಚೀಟಿ ಮಾಡಿಸಲು ಆಗುವುದಿಲ್ಲ, ಮಗುವಿನ ಶಾಲೆಯ ಸಭೆಗೆ ಹೋಗಲು ಆಗುವುದಿಲ್ಲ. ನಿದ್ದೆಯಲ್ಲೇ ದಿನ ಕಳೆಯುತ್ತದೆ. ಆಮೇಲೆ ನಿಜವಾದ ಕೆಲಸ ಬಂದಾಗ ಹೇಳದೆ ಕೇಳದೆ ರಜೆ ಹಾಕುತ್ತಾರೆ.

ಪಟ್ಟಿ ಹಾಕಿದ ಮೇಲೆ ಬದಲಾಯಿಸಬೇಕಾದರೆ? ಬದಲಾಯಿಸಿ, ಆದರೆ ಕೇಳಿ ಬದಲಾಯಿಸಿ. ಇಬ್ಬರು ತಾವೇ ಮಾತಾಡಿಕೊಂಡು ಅದಲುಬದಲು ಮಾಡಿಕೊಂಡರೆ ಫ್ಲೋರ್ ಇನ್‌ಚಾರ್ಜ್‌ಗೆ ಒಂದು ಮೆಸೇಜ್ ಹಾಕಿದರೆ ಸಾಕು ಅನ್ನುವ ನಿಯಮ ಇರಲಿ.

ಕಾನೂನಿನಲ್ಲಿ ಯಾವುದನ್ನು ತಪ್ಪದೆ ನೋಡಿಕೊಳ್ಳಬೇಕು?

ಪಾಳಿಗೆ ಸಂಬಂಧಿಸಿದ್ದನ್ನು ಮಾತ್ರ ಹೇಳುತ್ತೇನೆ. ಮೂಲ ಕಾಯ್ದೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು. ಬಿಡುವೂ ಸೇರಿ ಕೆಲಸದ ಹೊತ್ತು ಬೆಳಿಗ್ಗೆಯಿಂದ ರಾತ್ರಿಯವರೆಗೆ 12 ಗಂಟೆ ಮೀರಬಾರದು. ವಾರಕ್ಕೆ ಒಂದು ಪೂರ್ತಿ ದಿನ ರಜೆ, ಅದಕ್ಕೆ ಸಂಬಳ ಹಿಡಿಯುವಂತಿಲ್ಲ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ. ರಾತ್ರಿ 8ರ ನಂತರ ಹೆಣ್ಣುಮಕ್ಕಳು ಕೆಲಸ ಮಾಡಬೇಕಾದರೆ ಅವರ ಲಿಖಿತ ಒಪ್ಪಿಗೆ, ಮನೆಗೆ ಹೋಗಲು ವಾಹನ ಮತ್ತು ಸುರಕ್ಷತೆ ಬೇಕು.

10 ಜನ ಅಥವಾ ಹೆಚ್ಚು ಇದ್ದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದವರು ಬಿಡುವಾಗ ಕೊಡುವ ಮೊತ್ತ) ಬರುತ್ತವೆ, 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಬೇಕು. 20 ಅಥವಾ ಹೆಚ್ಚು ಇದ್ದರೆ ಪಿಎಫ್ (ಭವಿಷ್ಯ ನಿಧಿ). ಇಎಸ್‌ಐ ಈಗ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಅನ್ವಯ. ಮಾಲೀಕರದ್ದು ಶೇ 3.25, ಕೆಲಸಗಾರರದ್ದು ಶೇ 0.75. ಇಎಸ್‌ಐ ಕಾರ್ಡನ್ನು ಮಾಡಿಸಿಟ್ಟು ಸುಮ್ಮನಾಗುವ ಅಂಗಡಿಗಳು ತುಂಬಾ. ಯಾವ ಡಿಸ್ಪೆನ್ಸರಿಗೆ ಹೋಗಬೇಕು, ಮನೆಯವರಿಗೆ ಏನು ಸಿಗುತ್ತದೆ ಅಂತ ಹೊಸಬರನ್ನು ಕೂರಿಸಿಕೊಂಡು ಹೇಳಿ. ಹತ್ತು ನಿಮಿಷದ ಕೆಲಸ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್) ಜಾರಿಗೆ ಬಂದಿವೆ. ನಿಮ್ಮ ಲೆಕ್ಕಪರಿಶೋಧಕರ ಹತ್ತಿರ ಕೂತು ಸಂಬಳದ ಚೀಟಿಯನ್ನು ಒಮ್ಮೆ ಹೊಸದಾಗಿ ನೋಡಿಸಿಕೊಳ್ಳಿ.

ಸೇಲ್ಸ್ ಹುಡುಗಿಯರಿಗೆ ಸ್ಟೂಲ್ ಕೊಟ್ಟರೆ ಗಿರಾಕಿ ಬಂದಾಗ ಏಳಲ್ಲ ಅಂತಾರೆ. ನಿಜವಾ?

ನಿಜವಲ್ಲ. ಇಡೀ ದಿನ ನಿಂತವರಿಗಿಂತ ಕೂತು ಎದ್ದವರು ಚುರುಕಾಗಿರುತ್ತಾರೆ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ ಕೇರಳ 2018ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಆ ಹೆಣ್ಣುಮಕ್ಕಳು ಹೇಳಿಕೊಂಡ ಕಷ್ಟಗಳನ್ನು ಕೇಳಿದರೆ ಎದೆ ಭಾರವಾಗುತ್ತದೆ: ಕಾಲು ನರ ಊದಿಕೊಳ್ಳುವುದು, ಶೌಚಾಲಯಕ್ಕೆ ಹೋಗಲಾಗದು ಅಂತ ನೀರೇ ಕುಡಿಯದೆ ಇರುವುದು, ಅದರಿಂದ ಬರುವ ಮೂತ್ರದ ಸೋಂಕು.

ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಪ್ರತಿ ಸೆಕ್ಷನ್ನಿನ ಹಿಂದೆ ಎರಡು ಸ್ಟೂಲ್, ಕುಡಿಯುವ ನೀರು, ಒಳಗಿನಿಂದ ಚಿಲಕ ಬೀಳುವ ಶುಚಿಯಾದ ಶೌಚಾಲಯ. ಒಂದು ತಿಂಗಳ ಬೋರ್ಡ್ ಜಾಹೀರಾತಿಗೆ ಕೊಡುವ ದುಡ್ಡಿಗಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಹಬ್ಬ, ಮದುವೆ ಸೀಸನ್ನಿಗೆ ಜನ ಸಿಗಲ್ಲ. ಏನು ಮಾಡೋದು?

ಪಂಚಾಂಗ ಇಟ್ಟುಕೊಂಡು ವರ್ಷದ ಶುರುವಿನಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ. ಯುಗಾದಿ, ಅಕ್ಷಯ ತೃತೀಯ, ವೈಶಾಖದ ಮದುವೆಗಳು, ಜೂನ್‌ನಲ್ಲಿ ಶಾಲೆ ಶುರು, ಆಷಾಢದ ಸೇಲ್, ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ. ಪಿತೃಪಕ್ಷದಲ್ಲಿ ಬಟ್ಟೆ ಅಂಗಡಿ ತಣ್ಣಗಿರುತ್ತದೆ. ದಿನಸಿಯವರಿಗೆ ಪ್ರತಿ ತಿಂಗಳ ಮೊದಲ ವಾರವೇ ಸಣ್ಣ ಹಬ್ಬ. ಇದರ ಮೇಲೆ ನಿಮ್ಮ ಊರಿನದ್ದನ್ನು ಸೇರಿಸಿ. ಸಾಗರ, ತೀರ್ಥಹಳ್ಳಿ ಕಡೆ ಅಡಿಕೆ ದುಡ್ಡು ಕೈಗೆ ಬರುವ ಕಾಲ, ಮಂಡ್ಯದ ಕಡೆ ಕಬ್ಬಿನ ಬಿಲ್ ಬರುವ ಕಾಲ. ಶಿರಸಿಯವರಿಗೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ.

ಹೆಚ್ಚುವರಿ ಜನರನ್ನು ಹಬ್ಬಕ್ಕೆ ನಾಲ್ಕು ವಾರ ಇರುವಾಗಲೇ ಕರೆಯಿರಿ. ವರಮಹಾಲಕ್ಷ್ಮಿ ಹಿಂದಿನ ಬುಧವಾರ ಸೇರಿದ ಹುಡುಗನಿಗೆ ಬ್ಲೌಸ್ ಪೀಸ್ ಎಲ್ಲಿದೆ ಅಂತ ತೋರಿಸಲೂ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅವನು ಅಡ್ಡ ನಿಂತಿರುತ್ತಾನೆ ಅಷ್ಟೇ. ಹಿಂದೆ ಕೆಲಸ ಮಾಡಿ ಮದುವೆ, ಮಕ್ಕಳು ಅಂತ ಬಿಟ್ಟ ಹೆಣ್ಣುಮಕ್ಕಳ ಫೋನ್ ನಂಬರ್ ಇಟ್ಟುಕೊಂಡಿರಿ. ಸೀಸನ್ನಿಗೆ ಒಂದು ತಿಂಗಳು, ದಿನಕ್ಕೆ ಐದು ಗಂಟೆ ಅಂದರೆ ಬರುವವರು ಇದ್ದಾರೆ. ಅವರಿಗೆ ಕಲಿಸಬೇಕಾದ್ದು ಕಡಿಮೆ, ಹೊಸ ಬಿಲ್ಲಿಂಗ್ ಮತ್ತು ಹೊಸ ಮಾಲು ಇಷ್ಟೇ. ತಾತ್ಕಾಲಿಕವಾಗಿ ಬಂದ ಹೊಸಬರನ್ನು ಗಿರಾಕಿ ಮುಂದೆ ನಿಲ್ಲಿಸಬೇಡಿ. ಸೀರೆ ಮಡಿಸುವುದು, ಗೋಡೌನಿನಿಂದ ಮಾಲು ತರುವುದು, ಪ್ಯಾಕಿಂಗ್ ಅವರಿಗೆ ಕೊಡಿ. ಹಳಬರ ಕೈ ಖಾಲಿಯಾಗಿ ಅವರು ಮಾರಾಟ ನೋಡಿಕೊಳ್ಳುತ್ತಾರೆ.

ಆಷಾಢದ ಸೇಲ್ ಮುಗಿದು ಶ್ರಾವಣ ಬರುವ ನಡುವಿನ ದಿನಗಳು, ಆಮೇಲೆ ಪಿತೃಪಕ್ಷ, ಇವೆರಡೂ ರಜೆ ಕೊಡಲು, ಕಲಿಸಲು ಒಳ್ಳೆಯ ಕಾಲ.

ಹೊಸಬರನ್ನು ಮೊದಲ ವಾರ ಹೇಗೆ ನೋಡಿಕೊಳ್ಳಬೇಕು?

"ಹೋಗು, ಅಣ್ಣನ ಜೊತೆ ನಿಂತು ನೋಡಿ ಕಲಿ." ನಮ್ಮಲ್ಲಿ ತರಬೇತಿ ಅಂದರೆ ಹೆಚ್ಚಾಗಿ ಇಷ್ಟೇ. ನೋಡಿ ಕಲಿಯುವುದರಲ್ಲಿ ತಪ್ಪಿಲ್ಲ. ಆದರೆ ಆ ಅಣ್ಣನಿಗೆ ಕಲಿಸು ಅಂತ ಯಾರೂ ಹೇಳಿರುವುದಿಲ್ಲ, ಕಲಿಸಲು ಅವನಿಗೆ ಹೊತ್ತೂ ಇರುವುದಿಲ್ಲ. ತಾನು ಕಲಿಸಿದವನೇ ನಾಳೆ ತನ್ನ ಜಾಗಕ್ಕೆ ಬಂದರೆ ಅನ್ನುವ ಭಯವೂ ಇರುತ್ತದೆ.

ಹಾಗಾಗಿ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. ಈ ತಿಂಗಳು ಇವಳ ಜವಾಬ್ದಾರಿ ನಿಮ್ಮದು, ಅದಕ್ಕೆ ಸಂಬಳದ ಜೊತೆ ಇಷ್ಟು ಜಾಸ್ತಿ ಅಂತ ಹೇಳಿ. ಹೊಸಬರಿಗೂ ಹಳಬರಿಗೂ ಮೊದಲ ವಾರ ಒಂದೇ ಪಾಳಿ ಹಾಕಿ. ಬಹಳ ಕಡೆ ಇದೊಂದೇ ತಪ್ಪಿಹೋಗುವುದು. ಕಲಿಸುವವರು ಬೆಳಿಗ್ಗೆ, ಕಲಿಯುವವರು ಸಂಜೆ!

ಕಲಿಸುವ ರೀತಿಗೆ ಒಂದು ಹಳೆಯ, ಗಟ್ಟಿಯಾದ ಕ್ರಮ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವೇ ಇಲ್ಲದ ಸಾವಿರಾರು ಜನ ಬಂದು ಸೇರಿದಾಗ ಅಲ್ಲಿನ ಮೇಸ್ತ್ರಿಗಳಿಗೆ ಹೇಳಿಕೊಟ್ಟದ್ದು. ಮೊದಲು ಕಲಿಯುವವರ ಭಯ ಬಿಡಿಸಿ, ಏನು ಗೊತ್ತಿದೆ ಕೇಳಿ. ಆಮೇಲೆ ಮಾಡಿ ತೋರಿಸಿ, ಯಾಕೆ ಹಾಗೆ ಅಂತಲೂ ಹೇಳಿ. ಆಮೇಲೆ ಅವರಿಂದಲೇ ಮಾಡಿಸಿ, ಮಾಡುತ್ತಾ ಬಾಯಿಬಿಟ್ಟು ವಿವರಿಸಲು ಹೇಳಿ. ಕೊನೆಗೆ ಒಬ್ಬರನ್ನೇ ಬಿಡಿ, ಆದರೆ ಆಗಾಗ ಬಂದು ನೋಡಿ. ಕಲಿಯುವವರಿಗೆ ಬರಲಿಲ್ಲ ಅಂದರೆ ಕಲಿಸುವವರು ಕಲಿಸಿಲ್ಲ ಅಂತಲೇ ಅರ್ಥ ಅನ್ನುವುದು ಅವರ ನಂಬಿಕೆಯಾಗಿತ್ತು. ನಮ್ಮ ಅಂಗಡಿಗಳಲ್ಲಿ ಎರಡನೆಯದಕ್ಕೇ ಎಲ್ಲ ನಿಲ್ಲುತ್ತದೆ. ಮಾಡಿ ತೋರಿಸುತ್ತಾರೆ, "ಗೊತ್ತಾಯ್ತಾ?" ಅಂತಾರೆ. "ಹ್ಞೂಂ ಅಣ್ಣ" ಅನ್ನದೆ ಆ ಹುಡುಗಿಗೆ ಬೇರೆ ದಾರಿ ಇರುವುದಿಲ್ಲ.

ಮೊದಲ ದಿನ ಮಾರಾಟದ ಮಾತೇ ಬೇಡ. ಶೌಚಾಲಯ ಎಲ್ಲಿ, ಊಟ ಎಷ್ಟು ಹೊತ್ತಿಗೆ, ಸಂಬಳ ಯಾವತ್ತು, ಏನಾದರೂ ತೊಂದರೆ ಆದರೆ ಯಾರಿಗೆ ಹೇಳಬೇಕು. ಎಲ್ಲರಿಗೂ ಹೆಸರು ಹೇಳಿ ಪರಿಚಯ ಮಾಡಿಸಿ. ಮಧ್ಯಾಹ್ನದ ಊಟಕ್ಕೆ ಯಾರ ಜೊತೆ ಕೂರಬೇಕು ಅಂತ ಗೊತ್ತಿಲ್ಲದೆ ಮೊದಲ ದಿನವೇ ಮನಸ್ಸು ಮುರಿದು ಹೋದವರನ್ನು ನೋಡಿದ್ದೇನೆ.

ಮಾಲಿನ ಬಗ್ಗೆ ಎಷ್ಟು ಕಲಿಸಬೇಕು? ಬೆಲೆ ಗೊತ್ತಿದ್ದರೆ ಸಾಲದೇ?

ಸಾಲದು. ಬೆಲೆ ಚೀಟಿಯ ಮೇಲೇ ಇರುತ್ತದೆ. ಗಿರಾಕಿ ಕೇಳುವುದು "ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಅಂತ. ಅಲ್ಲಿ "ಇದು ಒಳ್ಳೇ ಕ್ವಾಲಿಟಿ ಮೇಡಂ" ಅಂದರೆ ಏನನ್ನೂ ಹೇಳಿದ ಹಾಗಾಗಲಿಲ್ಲ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು ನೂಲನ್ನೂ (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಸೆರಗಿನ ಹಾಸು ನೂಲನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸೇರಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿ ಗೋಪುರದ ಹಾಗೆ ಬರುವುದು ಟೋಪ್ ತೆನಿ. ದಡಿಯಲ್ಲಿ ಚಿಕ್ಕಿ ಪರಾಸ್, ಗೋಮಿ, ಗಾಡಿ ಅಂತ ಬಗೆಗಳಿವೆ. ಇದನ್ನು ಬೆರಳಿಟ್ಟು ತೋರಿಸಿ ಹೇಳುವ ಹುಡುಗಿಯ ಮುಂದೆ ಗಿರಾಕಿಯ ಮುಖವೇ ಬದಲಾಗುತ್ತದೆ. ಕೈಮಗ್ಗದ್ದಕ್ಕೆ ಯಾಕೆ ಬೆಲೆ ಜಾಸ್ತಿ ಅಂತ ಚೌಕಾಸಿ ಮಾಡುತ್ತಿದ್ದವರು ಕೇಳಿಸಿಕೊಳ್ಳತೊಡಗುತ್ತಾರೆ. ಪವರ್‌ಲೂಮಿನದ್ದನ್ನು ಪವರ್‌ಲೂಮ್ ಅಂತಲೇ ಹೇಳಿ ಮಾರಬೇಕು ಅನ್ನುವುದನ್ನೂ ಇದೇ ಪಾಠದಲ್ಲಿ ಕಲಿಸಿ.

ರೇಷ್ಮೆಗೂ ಹಾಗೇ. ಒಂದು ಎಳೆ ರೇಷ್ಮೆ, ಒಂದು ಎಳೆ ಪಾಲಿಯೆಸ್ಟರ್ ತೆಗೆದು ಸಿಬ್ಬಂದಿಯ ಮುಂದೆಯೇ ಸುಟ್ಟು ತೋರಿಸಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಸಿಲ್ಕ್ ಮಾರ್ಕ್ ಚೀಟಿ ಏನು ಹೇಳುತ್ತದೆ, ಒಡವೆ ಅಂಗಡಿಯಾದರೆ ಹಾಲ್‌ಮಾರ್ಕಿನ ಆರು ಅಕ್ಷರದ ಗುರುತನ್ನು ಮೊಬೈಲಿನಲ್ಲಿ ಹೇಗೆ ಪರೀಕ್ಷಿಸುವುದು, ಇವನ್ನು ಗಿರಾಕಿ ಕೇಳುವ ಮೊದಲೇ ತೋರಿಸಲು ಹೇಳಿಕೊಡಿ.

ಇದಕ್ಕೆಲ್ಲ ಪ್ರತ್ಯೇಕ ತರಗತಿ ಬೇಡ. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ, ಒಂದು ದಿನಕ್ಕೆ ಒಂದೇ ಮಾಲು. ಎರಡನೇ ಪಾಳಿಯವರಿಗೆ ಹನ್ನೆರಡಕ್ಕೆ ಇನ್ನೊಮ್ಮೆ. ಮಾಲು ತಂದ ಏಜೆಂಟ್ ಬಂದಾಗ ಆರ್ಡರ್ ಬರೆಯಿಸಿ ಕಳಿಸುವ ಬದಲು "ನಮ್ಮವರಿಗೆ ಐದು ನಿಮಿಷ ಹೇಳಿ ಹೋಗಿ" ಅನ್ನಿ. ಸಂತೋಷದಿಂದ ಹೇಳುತ್ತಾರೆ.

ಬಿಲ್ಲಿಂಗ್ ಕೌಂಟರಿನವರಿಗೆ ಮುಖ್ಯವಾಗಿ ಏನು ಕಲಿಸಬೇಕು?

ಕಂಪ್ಯೂಟರ್ ಎರಡು ದಿನದಲ್ಲಿ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ.

ಯುಪಿಐ ದುಡ್ಡು ಬಂತು ಅಂತ ಗಿರಾಕಿಯ ಮೊಬೈಲ್ ತೆರೆ ನೋಡಿ ನಂಬಬಾರದು. ನಮ್ಮ ಡಬ್ಬಿ ಕೂಗಬೇಕು ಅಥವಾ ನಮ್ಮ ಫೋನಿನಲ್ಲಿ ಕಾಣಬೇಕು. ಇದನ್ನು ಗಿರಾಕಿಗೆ ಅವಮಾನ ಆಗದ ಹಾಗೆ ಹೇಳುವುದನ್ನು ಅಭ್ಯಾಸ ಮಾಡಿಸಿ: "ಒಂದು ನಿಮಿಷ ಸರ್, ನಮ್ಮ ಕಡೆ ಇನ್ನೂ ಬಂದಿಲ್ಲ, ನೋಡ್ತೀನಿ." ಹತ್ತು ರೂಪಾಯಿ ನಾಣ್ಯ ಬೇಡ ಅನ್ನಬಾರದು. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಚಾಳಿಯನ್ನು ಪೂರ್ತಿ ಬಿಡಿಸಿ. ಫೋನ್ ನಂಬರ್ ಕೊಡದಿದ್ದರೆ ಬಿಲ್ ಆಗಲ್ಲ ಅಂತಲೂ ಹೇಳಬಾರದು. ನಂಬರಿಗಾಗಿ ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚಿಸಿದೆ.

ತೆರಿಗೆ ಬದಲಾದಾಗ ಕೌಂಟರಿನವರಿಗೆ ಕಾರಣ ಗೊತ್ತಿರಬೇಕು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತು. 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5 ಆಯಿತು, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ಆ ವಾರ ಗಿರಾಕಿಗಳು "ಟಿವಿಯಲ್ಲಿ ಕಡಿಮೆ ಆಯ್ತು ಅಂದ್ರಲ್ಲ, ಇದಕ್ಕೆ ಯಾಕೆ ಜಾಸ್ತಿ?" ಅಂತ ಕೇಳಿದ್ದು ಬಿಲ್ ಮಾಡುವ ಹುಡುಗಿಯನ್ನು. ಮಾಲೀಕರು ಹಿಂದಿನ ದಿನ ಕಾಲು ಗಂಟೆ ಕೂರಿಸಿ ಹೇಳಿದ ಅಂಗಡಿಗಳಲ್ಲಿ ಜಗಳ ಆಗಲಿಲ್ಲ.

ರಾತ್ರಿ ಗಲ್ಲಾ ತಾಳೆ ಆಗದಿದ್ದರೆ ಸಂಬಳದಲ್ಲಿ ಹಿಡಿಯುವ ಪದ್ಧತಿ ಕೆಟ್ಟದ್ದು. ಒಂದು ಕೌಂಟರಿಗೆ ಒಂದು ಪಾಳಿಯಲ್ಲಿ ಒಬ್ಬರೇ ಕೂರಲಿ, ಪಾಳಿ ಬದಲಾಗುವಾಗ ಇಬ್ಬರೂ ಎಣಿಸಿ ಸಹಿ ಹಾಕಲಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ದಿನಸಿ, ಸೂಪರ್ ಮಾರ್ಕೆಟಿನವರಿಗೆ ಬೇರೆ ಏನಾದರೂ?

ಮೊದಲು ಹಾಳಾಗುವುದು ಮೊದಲು ಮುಂದೆ ಇರಬೇಕು. ಹೊಸ ಮಾಲನ್ನು ಹಿಂದೆ ಇಟ್ಟು ಹಳೆಯದನ್ನು ಮುಂದೆ ಎಳೆಯುವುದು. ತಾರೀಕು ನೋಡುವ ಕೆಲಸಕ್ಕೆ ವಾರಕ್ಕೊಂದು ಕಪಾಟು ಅಂತ ಹಂಚಿಕೊಡಿ. ಎಲ್ಲರೂ ನೋಡಿ ಅಂದರೆ ಯಾರೂ ನೋಡುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ಬೆಳಿಗ್ಗೆ ಸೊನ್ನೆಗೆ ತಂದು ಗೊತ್ತಿರುವ ಒಂದು ತೂಕದ ಕಲ್ಲಿಟ್ಟು ನೋಡುವುದನ್ನು ಕಲಿಸಿ. ತಿಂಡಿ, ಕಾಳು ಪ್ಯಾಕ್ ಮಾಡುವವರಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಟ್ಯಾಕ್ ತರಬೇತಿ ಇದೆ. ಆಹಾರ ಮುಟ್ಟುವ ಪ್ರತಿ 25 ಜನಕ್ಕೆ ತರಬೇತಿ ಪಡೆದ ಒಬ್ಬರು ಮೇಲ್ವಿಚಾರಕರು ಇರಬೇಕು.

ಕನ್ನಡ ಬರದ ಹುಡುಗರು ಜಾಸ್ತಿಯಾಗಿದ್ದಾರೆ. ಗಿರಾಕಿಗಳು ಬೇಜಾರು ಮಾಡ್ಕೋತಾರೆ. ಏನು ಮಾಡಲಿ?

ಕನ್ನಡ ಕಲಿಸಿ. ಇದು ಕೆಲಸದ ತರಬೇತಿಯದ್ದೇ ಭಾಗ, ಅದರ ಹೊತ್ತನ್ನು ಕೆಲಸದ ಹೊತ್ತಿನಲ್ಲೇ ಕೊಡಿ. ಅಂಗಡಿಗೆ ಬೇಕಾದ ಕನ್ನಡ ತುಂಬಾ ದೊಡ್ಡದೇನಲ್ಲ: "ಬನ್ನಿ ಅಮ್ಮ", "ಏನು ಬೇಕಿತ್ತು?", "ಎಷ್ಟರದ್ದು ತೋರಿಸ್ಲಿ?", "ಬಣ್ಣ ಬೇರೆ ಇದೆ, ತರ್ತೀನಿ", ಒಂದರಿಂದ ನೂರು, ಬಣ್ಣಗಳು, ಅಳತೆಗಳು. ಆಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸಿ, ದಿನಕ್ಕೆ ಐದು ವಾಕ್ಯ. ಊರಿನ ಮಾತನ್ನೇ ಕಲಿಸಿ. ಹುಬ್ಬಳ್ಳಿಯಲ್ಲಿ "ಬರ್ರಿ ಅಕ್ಕಾರ, ಏನ್ ಬೇಕ್ರಿ?" ಅಂದರೆ ಅಲ್ಲಿಯವರಿಗೆ ಹತ್ತಿರ. ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ ತಪ್ಪುತಪ್ಪಾಗಿಯಾದರೂ ಕನ್ನಡ ಆಡಿದರೆ ನಮ್ಮ ಜನ ಎಷ್ಟು ಖುಷಿಪಡುತ್ತಾರೆ, ಅಲ್ವಾ? ಅವನ ತಪ್ಪಿಗೆ ಉಳಿದ ಸಿಬ್ಬಂದಿ ನಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಗಿರಾಕಿ ಹಿಂದೆ ಹಿಂದೆ ಹೋಗಬೇಕಾ, ಬಿಡಬೇಕಾ?

ಬಂದ ಕೂಡಲೇ ಕಣ್ಣು ಸೇರಿಸಿ ಒಂದು ನಮಸ್ಕಾರ. ಆಮೇಲೆ ಅವರು ನೋಡಲಿ. ಒಂದೇ ಬಟ್ಟೆಯನ್ನು ಎರಡನೇ ಸಲ ಮುಟ್ಟಿದಾಗ, ಅಥವಾ ತಲೆ ಎತ್ತಿ ಸುತ್ತ ನೋಡಿದಾಗ ಹತ್ತಿರ ಹೋಗಿ. ಬಟ್ಟೆ ನೋಡಿ ಗಿರಾಕಿಯ ಕೈಯಲ್ಲಿ ಎಷ್ಟು ದುಡ್ಡಿದೆ ಅಂತ ಅಳೆಯುವ ಚಟ ಇದ್ದರೆ ಅದನ್ನು ಖಂಡಿತ ಬಿಡಿಸಬೇಕು. ಮಗಳ ಮದುವೆ ಜವಳಿಗೆ ಹೊಲದಿಂದ ನೇರ ಬರುವವರು ನಮ್ಮ ಊರುಗಳಲ್ಲಿ ಇದ್ದಾರೆ.

ಕಲಿಸಿದ ಮೇಲೆ ಪಕ್ಕದ ಅಂಗಡಿಗೆ ಹೋಗ್ತಾರಲ್ಲ?

ಕೆಲವರು ಹೋಗುತ್ತಾರೆ. ಕಲಿಸದೆ ಇಟ್ಟುಕೊಂಡವರೂ ಹೋಗುತ್ತಾರೆ. ಹೋಗುವವರನ್ನು ಕೂರಿಸಿ ಕೇಳಿ ನೋಡಿ. ಸಂಬಳ ಅನ್ನುವ ಉತ್ತರದ ಕೆಳಗೆ ಸಾಮಾನ್ಯವಾಗಿ ಬೇರೆ ಒಂದು ಕಾರಣ ಇರುತ್ತದೆ: ರಜೆ ಕೇಳಿದಾಗ ಎಲ್ಲರ ಮುಂದೆ ಬೈದದ್ದು, ಎರಡು ವರ್ಷವಾದರೂ ಅದೇ ಸೆಕ್ಷನ್, ಸಂಬಳ ಒಂದು ತಿಂಗಳು ಐದಕ್ಕೆ, ಇನ್ನೊಂದು ತಿಂಗಳು ಹನ್ನೆರಡಕ್ಕೆ.

ಹೆಲ್ಪರ್ ಆಗಿ ಸೇರಿದವರು ಸೇಲ್ಸ್‌ಗೆ ಯಾವಾಗ ಬರುತ್ತಾರೆ, ಅದಕ್ಕೆ ಏನು ಕಲಿತಿರಬೇಕು, ಆಗ ಸಂಬಳ ಎಷ್ಟಾಗುತ್ತದೆ ಅಂತ ಗೋಡೆಯ ಮೇಲೆ ಬರೆದು ಹಾಕಿ. ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತಿದ್ದರೆ ಐನೂರು ರೂಪಾಯಿ ಜಾಸ್ತಿಗೆ ಜನ ಓಡುವುದಿಲ್ಲ.

ಕಮಿಷನ್ ಕೊಟ್ಟರೆ ಒಳ್ಳೆಯದಾ?

ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟರೆ ಗಿರಾಕಿಗಾಗಿ ಎಳೆದಾಟ ಶುರುವಾಗುತ್ತದೆ, ಮಡಿಸುವ ಕೆಲಸ ಯಾರಿಗೂ ಬೇಡವಾಗುತ್ತದೆ. ನನ್ನ ಸಲಹೆ: ಸೆಕ್ಷನ್ನಿಗೆ ಒಟ್ಟಾಗಿ ಕೊಡಿ, ಹೆಲ್ಪರಿಗೂ ಪಾಲು ಇರಲಿ. ಮಾರಾಟದ ಮೊತ್ತದಿಂದ ವಾಪಸ್ ಬಂದ ಮಾಲನ್ನು ಕಳೆದು ಲೆಕ್ಕ ಹಾಕಿ, ಆಗ ಯಾರೂ ಬೇಡದ್ದನ್ನು ತಲೆಗೆ ಕಟ್ಟಲು ಹೋಗುವುದಿಲ್ಲ.

ಸರ್ಕಾರದಿಂದ ತರಬೇತಿಗೆ ಸಹಾಯ ಸಿಗುತ್ತದಾ?

ಅಪ್ರೆಂಟಿಸ್ ಯೋಜನೆ ಇದೆ. 4ರಿಂದ 29 ಜನ ಇರುವ ಅಂಗಡಿಗೆ ಅದು ಐಚ್ಛಿಕ, 30 ಅಥವಾ ಹೆಚ್ಚು ಇದ್ದರೆ ಕಡ್ಡಾಯ. ಅಪ್ರೆಂಟಿಸ್‌ಗೆ ಕೊಡುವ ಭತ್ಯೆಯಲ್ಲಿ ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ ಕೇಂದ್ರ ಸರ್ಕಾರ ಭರಿಸುತ್ತದೆ. ಚಿಲ್ಲರೆ ವ್ಯಾಪಾರಕ್ಕೇ ಇರುವ ಕೌಶಲ ಮಂಡಳಿ ಕ್ಯಾಷಿಯರ್, ಸೇಲ್ಸ್ ಸಹಾಯಕ ಮುಂತಾದ ಕೆಲಸಗಳಿಗೆ ಪಠ್ಯವನ್ನೂ ಪ್ರಮಾಣಪತ್ರವನ್ನೂ ಇಟ್ಟಿದೆ. ಆ ಪಠ್ಯಗಳನ್ನು ತೆಗೆದು ನೋಡಿ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ. ಅಪ್ರೆಂಟಿಸ್ ಅಂದರೆ ಕಡಿಮೆ ಸಂಬಳದ ಕೆಲಸಗಾರ ಅಂತ ಮಾತ್ರ ತಿಳಿಯಬೇಡಿ. ಕಲಿಸುವ ಕರಾರಿನ ಮೇಲೆ ಬಂದ ಮಗು ಅದು.

ಎರಡನೇ ಅಂಗಡಿ ತೆರೆಯುತ್ತಿದ್ದೇನೆ. ಯಾರನ್ನು ಅಲ್ಲಿಗೆ ಕಳಿಸಲಿ?

ಎಲ್ಲರಿಗಿಂತ ಚೆನ್ನಾಗಿ ಮಾರುವವರನ್ನು ಕಳಿಸಬೇಕು ಅಂತ ಅನ್ನಿಸುತ್ತದೆ. ಅದಕ್ಕಿಂತ ಚೆನ್ನಾಗಿ ಕಲಿಸುವವರನ್ನು ಹುಡುಕಿ. ಮೊದಲ ಅಂಗಡಿಯಲ್ಲಿ ಹೊಸಬರು ತಮ್ಮ ಅನುಮಾನವನ್ನು ಯಾರ ಹತ್ತಿರ ಹೋಗಿ ಕೇಳುತ್ತಾರೆ ಅಂತ ಒಂದು ವಾರ ಗಮನಿಸಿ. ಅವರೇ ನಿಮಗೆ ಬೇಕಾದವರು. ಆರು ತಿಂಗಳು ಮುಂಚೆಯೇ ಅವರಿಗೆ ಹೇಳಿ. ಪಾಳಿ ಪಟ್ಟಿ ಬರೆಯುವುದು, ಗಲ್ಲಾ ತಾಳೆ ನೋಡುವುದು, ಮಾಲಿನ ಆರ್ಡರ್ ಹಾಕುವುದನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಮಾಡಿಸಿ. ಅವರ ಜಾಗಕ್ಕೆ ಬರುವವರನ್ನು ಅವರಿಂದಲೇ ತಯಾರು ಮಾಡಿಸಿ. ಹೊಸ ಅಂಗಡಿಗೆ ಹಳಬರು ಮೂವರಾದರೂ ಇರಲಿ, ಪೂಜೆಯ ದಿನಕ್ಕಿಂತ ಎರಡು ವಾರ ಮೊದಲೇ ಹೊಸಬರು ಸೇರಲಿ. ಮತ್ತೆ, ಅಲ್ಲಿಯ ಪಾಳಿ ಪಟ್ಟಿಯನ್ನು ಅವರೇ ಬರೆಯಲಿ. ಆ ಊರಿನ ಸಂತೆ ಯಾವತ್ತು, ಕೊನೆಯ ಬಸ್ಸು ಎಷ್ಟಕ್ಕೆ ಅಂತ ನಿಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.